ಬದುಕಿ ಬಂದವರನ್ನು ಬರಮಾಡಿಕೊಳ್ಳುವುದು



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬದ ದಿನ ಯುವಜನ ಸಂಘದವರಾದ ನಾವು ಒಂದು ತಪ್ಪು ಮಾಡಿದೆವು. ಈ ಬರಹ ಹುಟ್ಟಿದ್ದೇ ಅಲ್ಲಿಂದ. ಹಾಗಾಗಿ ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಚಿಕ್ಕಂದಿನಲ್ಲಿ ನಮಗೆಲ್ಲ ಧರ್ಮೋಪದೇಶ ಕಲಿಸಿದ ಮೇಷ್ಟ್ರೊಬ್ಬರಿಗೆ ಹಬ್ಬಕ್ಕೆ ಐದು ತಿಂಗಳ ಹಿಂದೆ ಬೆಳಗಿನ ಜಾವ ಎದೆನೋವು ಕಾಣಿಸಿತು. ತಾಳವಾಡಿ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಎರಡು ದಾರಿ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಕೊಯಮತ್ತೂರು. ಇಲ್ಲವೇ ಗಡಿ ದಾಟಿ ಚಾಮರಾಜನಗರ, ಮೈಸೂರು. ಪಕ್ಕದ ಮನೆಯವರು ಟೊಮೆಟೊ ಸಾಗಿಸುವ ಪಿಕಪ್ಪಿನಲ್ಲಿ ಅವರನ್ನು ಗಡಿಯಾಚೆ ಕರೆದೊಯ್ದರು. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುತ್ತಿದ್ದಂತೆಯೇ ಮೇಷ್ಟ್ರು ಕುಸಿದರು. ಹೃದಯ ನಿಂತಿತ್ತು. ಅಲ್ಲಿದ್ದ ದಾದಿಯರೂ ವೈದ್ಯರೂ ಎದೆ ಒತ್ತಿ, ಶಾಕ್ ಕೊಟ್ಟು, 11 ನಿಮಿಷಗಳ ನಂತರ ನಾಡಿಯನ್ನು ಮರಳಿ ತಂದರು. ಆಮೇಲೆ ಮೈಸೂರಿನಲ್ಲಿ ನಾಲ್ಕು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಐದನೇ ದಿನ ಕಣ್ಣು ಬಿಟ್ಟರು. ಮೂರನೇ ವಾರ ಮನೆಗೆ ಬಂದರು.

ಊರೆಲ್ಲ ಇದನ್ನು ಅದ್ಭುತ ಎಂದಿತು. ನಾವೂ ಎಂದೆವು. ಕೃತಜ್ಞತಾ ಬಲಿಪೂಜೆ ಆಯಿತು, ಜಪಸರ ಆಯಿತು. ಹಬ್ಬದ ಸಂಜೆಯ ಕಾರ್ಯಕ್ರಮಕ್ಕೆ ಮೇಷ್ಟ್ರ ಸಾಕ್ಷ್ಯ ಇಡೋಣ ಎಂದು ಯೋಚಿಸಿದವರು ನಾವೇ. ಅವರ ಪತ್ನಿ ಬೇಡ ಎನ್ನುವಂತೆ ನೋಡಿದರು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರು ವೇದಿಕೆ ಹತ್ತಿ ಮೈಕ್ ಹಿಡಿದರು. ಹಳೆಯ ಗಂಭೀರ ದನಿಯಲ್ಲಿ ಎಲ್ಲರಿಗೂ ವಂದಿಸಿದರು. ಒಂದು ವಾಕ್ಯ ಹೇಳಿದರು. ನಂತರ ನಿಂತರು. ಮತ್ತೆ ಅದೇ ವಾಕ್ಯ ಹೇಳಿದರು. ಮೂರನೇ ಸಲವೂ ಅದೇ ವಾಕ್ಯ ಬಂದಾಗ ಅವರಿಗೇ ಏನೋ ತಪ್ಪಿದೆ ಎನಿಸಿತು. ಸಭೆಯಲ್ಲಿ ಹೆಂಡತಿಯ ಮುಖವನ್ನು ಹುಡುಕತೊಡಗಿದರು. ಆಗ ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು. ಜನರೂ ತಟ್ಟಿದರು. ಅವರನ್ನು ಕೈಹಿಡಿದು ಇಳಿಸಿ, ಮಕ್ಕಳ ನೃತ್ಯ ಶುರುಮಾಡಿದೆವು.

ಒಂದು ವಾರದ ಬಳಿಕ ಕ್ಷಮೆ ಕೇಳಲು ಅವರ ಮನೆಗೆ ಹೋದೆವು. ಮೇಷ್ಟ್ರಿಗೆ ಹಬ್ಬದ ಸಂಜೆಯ ನೆನಪೇ ಇರಲಿಲ್ಲ. ಅಮ್ಮನವರು ಕಾಫಿ ಕೊಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಬಂದವ್ರೆ ಕಣ್ರಪ್ಪ, ದೇವರ ದಯೆ. ಆದ್ರೆ ಯಾರು ಬಂದವ್ರೆ ಅಂತ ನನಗೆ ಇನ್ನೂ ಗೊತ್ತಾಗ್ನಿಲ್ಲ."

ಈ ಮಾತು ನಮ್ಮನ್ನು ಬಿಡಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಅವರ ಹೆಸರನ್ನು ಬರೆಯುವುದಿಲ್ಲ. ಧರ್ಮಕೇಂದ್ರದವರಿಗೆ ಯಾರೆಂದು ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗಬೇಕಿಲ್ಲ. ಬರೆಯಲು ಅಮ್ಮನವರ ಅನುಮತಿ ಒಂದೇ ಸಲ ಕೇಳಿದೆವು, ಮೇಷ್ಟ್ರ ಅನುಮತಿಯನ್ನು ಮೂರು ಸಲ. ಮೊದಲ ಸಲ ಅವರು, "ಬರೀರಿ, ಒತ್ತಕ್ಷರ ತಪ್ಪಬೇಡಿ" ಎಂದರು. ಎರಡನೇ ಸಲ ತುಂಬ ಹೊತ್ತು ಯೋಚಿಸಿ, "ಇವಳ ಕಷ್ಟವನ್ನೂ ಬರೀರಿ" ಎಂದರು. ಮೂರನೇ ಸಲ ನಮ್ಮ ಮುಖ ನೋಡಿ, "ಇದನ್ನು ಮೊದಲೂ ಕೇಳಿದ್ದಿರಲ್ಲವೇ? ಆಗ ನಾನು ಏನು ಹೇಳಿದ್ದೆ?" ಎಂದರು. ಹೇಳಿದೆವು. "ಹಾಗಾದರೆ ಅದೇ ಸರಿ" ಎಂದರು.

ಈಗ ವಿಷಯಕ್ಕೆ ಬರೋಣ. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿನ ಒಂದು ಭಾಗ ಪೆಟ್ಟು ತಿನ್ನುವುದು ಆಘಾತ. ಹೃದಯವೇ ರಕ್ತ ತಳ್ಳುವುದನ್ನು ನಿಲ್ಲಿಸಿಬಿಡುವುದು ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಮೇಷ್ಟ್ರಿಗೆ ಆದದ್ದು ಹಾಗೆಯೇ. ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20ರಷ್ಟು ಪಾಲು ಅದಕ್ಕೇ ಬೇಕು. ಅದಕ್ಕೆ ಉಗ್ರಾಣ ಇಲ್ಲ. ದಿನಗೂಲಿಯ ಮನೆಯಂತೆ ಅಂದಂದಿನದು ಅಂದಂದಿಗೆ. ರಕ್ತ ನಿಂತ ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕೈದು ನಿಮಿಷ ಕಳೆಯಿತೆಂದರೆ ಜೀವಕೋಶಗಳಿಗೆ ಪೆಟ್ಟು ಬೀಳತೊಡಗುತ್ತದೆ. ಎದೆ ಒತ್ತುವುದರಿಂದ ಸ್ವಲ್ಪ ರಕ್ತವಾದರೂ ಮಿದುಳಿಗೆ ಹೋಗುತ್ತಿರುತ್ತದೆ. ಮೇಷ್ಟ್ರು ಉಳಿದದ್ದು ಹಾಗೆ.

ಮಿದುಳಿನ ಎಲ್ಲ ಭಾಗವೂ ಒಂದೇ ಸಮ ತಾಳುವುದಿಲ್ಲ. ಎರಡೂ ಕಿವಿಗಳ ಒಳಭಾಗಕ್ಕೆ, ಕಡಲಕುದುರೆಯ ಆಕಾರದಲ್ಲಿ ಬಾಗಿದ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ನೆನಪುಗಳನ್ನು ಕಟ್ಟಿಡುವ ಕೆಲಸ ಅದರದು. ಆಮ್ಲಜನಕದ ಕೊರತೆಗೆ ಬಹು ಬೇಗ ಸೋಲುವ ಕೋಶಗಳು ಅಲ್ಲಿವೆ. ಅವು ಸಾಯುವುದು ಆ ಗಳಿಗೆಯಲ್ಲೇ ಅಲ್ಲ. ನಾಡಿ ಮರಳಿ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ಮುಂದಿನ ಎರಡು ಮೂರು ದಿನಗಳಲ್ಲಿ. ಆ ದಿನಗಳಲ್ಲಿ ಜ್ವರ ಬಾರದಂತೆ ವೈದ್ಯರು ಕಾಯುವುದು ಈ ಭಯದಿಂದಲೇ. ಬದುಕಿ ಉಳಿದವರಲ್ಲಿ ಅರ್ಧದಷ್ಟು ಮಂದಿಯವರೆಗೆ ನೆನಪು, ಗಮನ, ಯೋಜನೆ ಇವುಗಳಲ್ಲಿ ಒಂದಲ್ಲ ಒಂದು ಕೊರತೆ ಉಳಿಯಬಹುದು. ಹೆಚ್ಚಿನವರಲ್ಲಿ ಅದು ಸಣ್ಣದು. ಚೇತರಿಕೆಯ ಬಹುಪಾಲು ಮೊದಲ ಕೆಲವು ತಿಂಗಳಲ್ಲಿ ಆಗುತ್ತದೆ. ಇದು ಅರಳುಮರಳಲ್ಲ, ದಿನೇ ದಿನೇ ಬೆಳೆಯಲೇಬೇಕಾದ ಕಾಯಿಲೆಯೂ ಅಲ್ಲ. ಆದರೆ ಹೃದಯದ ರಕ್ತನಾಳಗಳನ್ನು ಕೆಡಿಸುವ ಬಿಪಿ, ಸಕ್ಕರೆ, ಬೀಡಿ ಮಿದುಳಿನ ರಕ್ತನಾಳಗಳನ್ನೂ ಬಿಡುವುದಿಲ್ಲ. ಹಾಗಾಗಿ ಮಾತ್ರೆ ತಪ್ಪಿಸುವುದು ಎರಡು ಕಡೆಯ ನಷ್ಟ.

ವಿಜ್ಞಾನದ ಪದವಿ ಪಡೆದ ನಮಗೇ ಇದು ತಿಳಿದಿರಲಿಲ್ಲ. ನಮ್ಮ ನೆರೆಯ ದೊಡ್ಡಗಾಜನೂರಿನ ಮನೆತನದ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ನಮ್ಮೂರಿನಲ್ಲೂ ಎಲ್ಲರ ಬಾಯಲ್ಲಿ ಹೃದಯದ ಮಾತು. ಇಸಿಜಿ ಮಾಡಿಸಲು ಸಾಲು. ಅದೇ ವರ್ಷ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಮೈದಾನದಲ್ಲೇ ಬಿದ್ದು, ಅಲ್ಲೇ ಚಿಕಿತ್ಸೆ ಸಿಕ್ಕಿ, ಎದೆಯೊಳಗೆ ಯಂತ್ರ ಇಟ್ಟುಕೊಂಡು ಮುಂದಿನ ವರ್ಷ ಮತ್ತೆ ಆಟಕ್ಕೆ ಬಂದದ್ದನ್ನು ನಾವು ಮೊಬೈಲಿನಲ್ಲಿ ನೋಡಿದ್ದೆವು. ನಮ್ಮ ತಲೆಯಲ್ಲಿ ಇದ್ದದ್ದು ಈ ಎರಡೇ ಚಿತ್ರ. ಒಂದೋ ಸಾವು, ಇಲ್ಲವೇ ಪೂರ್ತಿ ಮರಳಿಕೆ. ನಡುವೆ ಒಂದು ದೊಡ್ಡ ಊರಿದೆ, ಅಲ್ಲಿ ಜನ ವಾಸವಾಗಿದ್ದಾರೆ ಎಂಬುದು ಗೊತ್ತೇ ಇರಲಿಲ್ಲ.

ಆ ಊರನ್ನು ಮೊದಲು ಗಮನಿಸಿದವರಲ್ಲಿ ಒಬ್ಬರ ಕಥೆ ಓದಿದೆವು. ಎದೆಯನ್ನು ಹೊರಗಿನಿಂದ ಒತ್ತಿ ಹೃದಯವನ್ನು ನಡೆಸಬಹುದು ಎಂಬುದನ್ನು ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಬಾಯಿಂದ ಬಾಯಿಗೆ ಉಸಿರು ಕೊಡುವ ಕ್ರಮವನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವರು ವಿಯೆನ್ನಾದಲ್ಲಿ ಹುಟ್ಟಿದ ವೈದ್ಯ ಪೀಟರ್ ಸಫಾರ್. 1966ರಲ್ಲಿ ಅವರ 11 ವರ್ಷದ ಮಗಳಿಗೆ ಉಬ್ಬಸ ಬಂದು ಉಸಿರು ನಿಂತಿತು. ಹೃದಯವನ್ನು ಮರಳಿ ತಂದರು, ಮಿದುಳು ಮರಳಲಿಲ್ಲ, ಮಗು ಉಳಿಯಲಿಲ್ಲ. ಜಗತ್ತಿಗೆ ಉಸಿರು ಕೊಡಲು ಕಲಿಸಿದ ತಂದೆ ಆಮೇಲಿನ ವರ್ಷಗಳನ್ನು ಮಿದುಳನ್ನು ಉಳಿಸುವ ವಿದ್ಯೆಗೆ ಕೊಟ್ಟರು. ಹೃದಯ, ಉಸಿರು ಎಂಬೆರಡು ಪದಗಳ ಜೊತೆ ಮಿದುಳು ಎಂಬ ಪದವನ್ನೂ ಆ ಚಿಕಿತ್ಸೆಯ ಹೆಸರಿನಲ್ಲೇ ಸೇರಿಸಿದರು. ಆದರೂ, ಅಮೆರಿಕದ ಹೃದಯ ಸಂಘಟನೆ ಜೀವ ಉಳಿಸುವ ತನ್ನ ಸರಪಳಿಗೆ 'ಚೇತರಿಕೆ' ಎಂಬ ಆರನೇ ಕೊಂಡಿಯನ್ನು ಜೋಡಿಸಿದ್ದು 2020ರಲ್ಲಿ. ಬಿಡುಗಡೆಯಾದ ಮೂರು ತಿಂಗಳೊಳಗೆ ನೆನಪು, ಮನಸ್ಸು, ಆಯಾಸ ಇವನ್ನು ಪರೀಕ್ಷಿಸಬೇಕು, ಮನೆಯವರನ್ನೂ ವಿಚಾರಿಸಬೇಕು ಎಂದು ಯುರೋಪಿನ ವೈದ್ಯರು ಮಾರ್ಗಸೂಚಿ ಬರೆದದ್ದು 2021ರಲ್ಲಿ. ನಮ್ಮ ಮೇಷ್ಟ್ರ ಡಿಸ್ಚಾರ್ಜ್ ಕಾಗದದಲ್ಲಿ ಏಳು ಮಾತ್ರೆಗಳ ಹೆಸರಿತ್ತು, ಉಪ್ಪು ಕಡಿಮೆ ಮಾಡಿ ಎಂದಿತ್ತು, ನೆನಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಮ್ಮನವರು ಮೂರು ತಿಂಗಳು ಇದನ್ನು ಅಹಂಕಾರ ಎಂದುಕೊಂಡಿದ್ದರಂತೆ. "ಬೇಕಂತಲೇ ಕೇಳಿದ್ದನ್ನೇ ಕೇಳ್ತಾರೆ ಅಂತ ಸಿಟ್ಟು ಮಾಡ್ಕತಿದ್ದೆ" ಎಂದು ಅತ್ತರು. ಒಂದು ಸಾಲು ಬರೆದಿದ್ದರೆ ಆ ಮೂರು ತಿಂಗಳ ಪಾಪಭಾರ ಅವರ ತಲೆಗೆ ಬರುತ್ತಿರಲಿಲ್ಲ.

ಹಾಗಾದರೆ ಬಂದವರು ಯಾರು?

ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ 1694ರಲ್ಲಿ ತಮ್ಮ ಗ್ರಂಥದ ಎರಡನೇ ಮುದ್ರಣಕ್ಕೆ ಸೇರಿಸಿದ ಅಧ್ಯಾಯದಲ್ಲಿ ಇದಕ್ಕೊಂದು ಉತ್ತರ ಕೊಟ್ಟಿದ್ದಾರೆ. ಸ್ಥೂಲವಾಗಿ ಹೇಳಬೇಕೆಂದರೆ, ನನ್ನ ಪ್ರಜ್ಞೆ ಹಿಂದಕ್ಕೆ ಎಷ್ಟು ದೂರ ಚಾಚುತ್ತದೋ ಅಷ್ಟು ದೂರ ನಾನು ನಾನೇ. ನೆನಪಿನ ದಾರ ಹರಿದರೆ ವ್ಯಕ್ತಿಯೂ ಹರಿಯುತ್ತಾನೆ. ಓದಿದಾಗ ಸರಿ ಎನಿಸುತ್ತದೆ. ಅಮ್ಮನವರ ಮಾತಿಗೂ ಅದು ಹೊಂದುತ್ತದೆ. ಆದರೆ ನೂರು ವರ್ಷದೊಳಗೆ ಸ್ಕಾಟ್ಲೆಂಡಿನ ಥಾಮಸ್ ರೀಡ್ ಇದಕ್ಕೊಂದು ತೊಡಕು ತೋರಿಸಿದರು. ಮುದುಕನಾದ ಸೇನಾಪತಿಗೆ ತನ್ನ ಯೌವನದ ಯುದ್ಧ ನೆನಪಿದೆ. ಯುದ್ಧದ ಕಾಲದಲ್ಲಿ ಅವನಿಗೆ ಬಾಲ್ಯದಲ್ಲಿ ತಿಂದ ಏಟು ನೆನಪಿತ್ತು. ಮುದುಕನಿಗೆ ಆ ಏಟು ಮರೆತಿದೆ. ಲಾಕರ ಲೆಕ್ಕದಲ್ಲಿ ಮುದುಕ ಆ ಹುಡುಗನೂ ಹೌದು, ಅಲ್ಲವೂ ಹೌದು. ಲೆಕ್ಕ ಕೂಡುವುದಿಲ್ಲ.

ನಮಗೆ ಹೊಳೆದದ್ದು ಇದಕ್ಕಿಂತ ಹತ್ತಿರದ ಒಂದು ಸಂಗತಿ. ನಮ್ಮಲ್ಲಿ ಬಹುತೇಕರು ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರು. ನಮ್ಮ ಬಾಳಿನ ಅತಿ ದೊಡ್ಡ ದಿನ ಅದು ಎಂದು ಮೇಷ್ಟ್ರೇ ಕಲಿಸಿದ್ದರು. ಆ ದಿನ ನಮ್ಮಲ್ಲಿ ಯಾರಿಗೆ ನೆನಪಿದೆ? ನಮ್ಮ ಪರವಾಗಿ ಬೇರೆಯವರು ಉತ್ತರ ಕೊಟ್ಟರು, ಬೇರೆಯವರು ಮೇಣದಬತ್ತಿ ಹಿಡಿದರು, ಗುರುಗಳು ದಪ್ಪ ಪುಸ್ತಕದಲ್ಲಿ ಹೆಸರು ಬರೆದಿಟ್ಟರು. ನಮ್ಮ ನೆನಪಿನಲ್ಲಿ ಇಲ್ಲದ ಒಂದು ದಿನದ ಮೇಲೆ ನಮ್ಮ ಇಡೀ ಗುರುತು ನಿಂತಿದೆ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೇ ಭಾಗದಲ್ಲಿ ನೆನಪನ್ನು ವಿಶಾಲ ಅರಮನೆಯಂತೆ ಕೊಂಡಾಡುತ್ತಾರೆ. ಆದರೆ ಮೊದಲನೇ ಭಾಗದಲ್ಲಿ ತಮ್ಮ ಶೈಶವದ ಬಗ್ಗೆ ಬರೆಯುವಾಗ, ಅದು ತಮಗೆ ನೆನಪಿಲ್ಲ, ಇತರರು ಹೇಳಿದ್ದನ್ನು ನಂಬಿದ್ದೇನೆ ಎಂದು ಒಪ್ಪಿಕೊಳ್ಳುತ್ತಾರೆ. ಅರಮನೆಯ ಒಡೆಯರಿಗೂ ಅಡಿಪಾಯದ ಕಲ್ಲು ಬೇರೆಯವರ ಮನೆಯಿಂದಲೇ ಬರಬೇಕಾಯಿತು.

ಹಾಗೆಂದ ಮೇಲೆ, ನೆನಪು ಎಂಬುದು ಒಬ್ಬರ ತಲೆಬುರುಡೆಯೊಳಗಿನ ಸ್ವಂತ ಆಸ್ತಿ ಮಾತ್ರ ಅಲ್ಲ. "ಆಗ ನಾನು ಏನು ಹೇಳಿದ್ದೆ?" ಎಂದು ಮೇಷ್ಟ್ರು ಕೇಳಿದಾಗ ಅವರು ತಮ್ಮ ಒಪ್ಪಿಗೆಯನ್ನು ನಮ್ಮ ಕೈಯಿಂದ ತೆಗೆದುಕೊಂಡರು, ತಮ್ಮದೇ ಎಂದು ಗುರುತಿಸಿದರು. ಬಂದವರು ಅವರೇ. ಇಷ್ಟನ್ನು ನಾವು ಧೈರ್ಯವಾಗಿ ಹೇಳುತ್ತೇವೆ.

ಇದನ್ನೆಲ್ಲ ಅಮ್ಮನವರಿಗೆ ಉತ್ಸಾಹದಿಂದ ವಿವರಿಸಿದೆವು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಸರಿಯಪ್ಪ, ಅವರೇ. ಆದ್ರೆ ಮೂವತ್ತು ವರ್ಷ ರಾತ್ರಿ ಊಟ ಆದ್ಮೇಲೆ ದಿನದ ಕತೆ ನನ್ನ ಹತ್ರ ಹೇಳ್ತಿದ್ರಲ್ಲ, ಅವರು ಎಲ್ಲಿ?" ಎಂದರು.

ಇದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಂದನ್ನು ಮಾತ್ರ ಕಲಿತೆವು. ಅವರು ಅದೇ ವ್ಯಕ್ತಿ ಎಂಬುದು ಎಷ್ಟು ನಿಜವೋ, ಅಮ್ಮನವರು ಏನನ್ನೋ ಕಳೆದುಕೊಂಡಿದ್ದಾರೆ ಎಂಬುದೂ ಅಷ್ಟೇ ನಿಜ. ಸತ್ತವರಿಗೆ ಅಳಲು ನಮ್ಮಲ್ಲಿ ಏಳನೇ ದಿನ, ಮೂವತ್ತನೇ ದಿನ, ವರ್ಷದ ಪೂಜೆ ಎಲ್ಲ ಇದೆ. ಬದುಕಿರುವವರಲ್ಲಿ ಕಳೆದುಹೋದದ್ದಕ್ಕೆ ಅಳಲು ಒಂದು ದಿನವೂ ಇಲ್ಲ. ಅತ್ತರೆ, ಬದುಕಿ ಬಂದಿದ್ದಾರಲ್ಲ, ಇನ್ನೇನು ಬೇಕು ಎನ್ನುತ್ತೇವೆ. ನಮ್ಮ ಕೃತಜ್ಞತಾ ಪೂಜೆ ಅವರ ಬಾಯಿಗೆ ಬೀಗ ಹಾಕಿತ್ತು ಎಂದು ಈಗ ಅನಿಸುತ್ತದೆ. ಅದ್ಭುತ ಎಂಬ ಪದವನ್ನು ನಾವು ಬಿಡುವುದಿಲ್ಲ, ಆದರೆ ಅದನ್ನು ಆ ಮನೆಯ ಹೆಂಗಸಿನ ಎದುರು ಹೇಳುವಾಗ ಇನ್ನು ಮುಂದೆ ಎಚ್ಚರವಿರುತ್ತದೆ.

ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಘಟನೆ. ಮೇಷ್ಟ್ರಿಗೆ ಮೊದಲು ಇಲ್ಲದ ಸಿಟ್ಟು ಈಗ ಬರುತ್ತದೆ. ಗದ್ದಲವಾದರೆ, ಇಬ್ಬರು ಒಟ್ಟಿಗೆ ಮಾತಾಡಿದರೆ, ಸುಸ್ತಾದರೆ. ಒಂದು ಸಂಜೆ ತಟ್ಟೆ ಎಸೆದರು. ಅಮ್ಮನವರ ಕೈಗೆ ತಗಲಿತು. ಗಾಯ ನೋಡಿ ಅವರೇ ನಡುಗಿ ಕ್ಷಮೆ ಕೇಳಿದರು. ನಾವೂ ಅಲ್ಲಿದ್ದೆವು. ಅಷ್ಟರಲ್ಲಿ ಅಷ್ಟಿಷ್ಟು ಓದಿಕೊಂಡಿದ್ದ ನಾವು ಸಮಾಧಾನ ಮಾಡಲು ಹೋಗಿ, "ಮೇಷ್ಟ್ರೇ, ಇದು ನೀವು ಮಾಡಿದ್ದಲ್ಲ, ನಿಮ್ಮ ಮಿದುಳಿಗೆ ಆದ ಪೆಟ್ಟು ಮಾಡಿದ್ದು" ಎಂದೆವು. ಅವರಿಗೆ ಮತ್ತೆ ಸಿಟ್ಟು ಬಂತು, ಈ ಸಲ ಬೇರೆ ಬಗೆಯ ಸಿಟ್ಟು. "ಅಲ್ಲ. ನಾನೇ ಮಾಡಿದ್ದು. ನಾನು ಅವಳ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ" ಎಂದರು.

ಮಹಾಪಾಪವಾಗಲು ಪೂರ್ಣ ಅರಿವೂ ಪೂರ್ಣ ಸಮ್ಮತಿಯೂ ಬೇಕು ಎಂದು ಧರ್ಮಸಭೆ ಕಲಿಸುತ್ತದೆ. ನಮಗೆ ಕಲಿಸಿದ್ದೂ ಅವರೇ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ತಡೆಯುವ ಶಕ್ತಿ ಕುಂದುತ್ತದೆ, ಹಾಗಾಗಿ ಹೊಣೆಯೂ ಕುಂದುತ್ತದೆ. ಇದೆಲ್ಲ ಸರಿ. ಆದರೆ ಹೊಣೆಯೇ ಇಲ್ಲ ಎಂದುಬಿಟ್ಟರೆ ಅವರಿಗೆ ನಾವು ಕೊಡುವುದೇನು? ಬಿರುಗಾಳಿಗೆ ಹೆಂಚು ಹಾರಿದರೆ ನಾವು ಗಾಳಿಯನ್ನು ಕ್ಷಮಿಸುವುದಿಲ್ಲ. ಕ್ಷಮೆ ಮನುಷ್ಯರಿಗೆ ಮಾತ್ರ. ಮೇಷ್ಟ್ರು ವಿನಾಯಿತಿ ಕೇಳಲಿಲ್ಲ, ಕ್ಷಮೆ ಕೇಳಿದರು. ನಮ್ಮ ಅರೆಬರೆ ವಿಜ್ಞಾನ ಅವರಿಂದ ಅದನ್ನೂ ಕಿತ್ತುಕೊಳ್ಳಲು ಹೊರಟಿತ್ತು. ಆ ದಿನ ಅಮ್ಮನವರು ಮಾಡಿದ್ದು ನಮಗೆ ಎಲ್ಲ ಪುಸ್ತಕಕ್ಕಿಂತ ದೊಡ್ಡದಾಗಿ ಕಂಡಿತು. "ಸರಿ, ಕ್ಷಮಿಸಿದ್ದೀನಿ. ಈಗ ಗಂಜಿ ಕುಡೀರಿ" ಎಂದರು. ಮರುದಿನ ಮೇಷ್ಟ್ರಿಗೆ ತಟ್ಟೆಯೂ ನೆನಪಿರಲಿಲ್ಲ, ಕ್ಷಮೆಯೂ ನೆನಪಿರಲಿಲ್ಲ. ಅಮ್ಮನವರ ಕೈಯ ಪಟ್ಟಿ ನೋಡಿ ಏನಾಯಿತು ಎಂದು ಕೇಳಿದರು. ಈಗ ಸತ್ಯ ಹೇಳಬೇಕೇ? ಹೇಳಿದರೆ ಹೊಸದಾಗಿ ನೋವು, ಹೇಳದಿದ್ದರೆ ಸುಳ್ಳು. ನಮ್ಮಲ್ಲೇ ಎರಡು ಪಕ್ಷವಾಯಿತು. ಅಮ್ಮನವರು ಹೇಳಿದ್ದು: "ತಟ್ಟೆ ತಗಲಿತು. ನೀವು ನಿನ್ನೆ ಕ್ಷಮೆ ಕೇಳಿದ್ರಿ, ಅದು ಮುಗೀತು." ಘಟನೆಯನ್ನೂ ಬಚ್ಚಿಡಲಿಲ್ಲ, ಕ್ಷಮೆಯನ್ನೂ ಬಿಡಲಿಲ್ಲ. ಮರೆತವರ ಪರವಾಗಿ ತಪ್ಪನ್ನು ಮಾತ್ರ ನೆನಪಿಡುವವರು ಬಹಳ. ಅವರು ಕ್ಷಮೆ ಕೇಳಿದ್ದನ್ನೂ ನೆನಪಿಟ್ಟು ಹೇಳಿದವರು ಇವರು.

ಸಂತೆಯಲ್ಲಿ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ, "ಇಂಥ ಜೀವ ಉಳಿಸೋದು ಬೇಕಿತ್ತಾ?" ಎಂದು ಕೇಳಿದ್ದುಂಟು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಯಾವ ಚಿಕಿತ್ಸೆಯನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂಬುದು ಒಂದು. ಜಗದ್ಗುರು ಹನ್ನೆರಡನೇ ಪಿಯುಸ್‌ರು 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞ ವೈದ್ಯರೊಡನೆ ಮಾತಾಡುತ್ತ ಇದಕ್ಕೆ ಉತ್ತರಿಸಿದ್ದಾರೆ. ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ಮಿತಿಮೀರಿದ ಭಾರ ಹೊರಿಸುವ ಅಸಾಧಾರಣ ಉಪಾಯಗಳಿಗೆ ಯಾರೂ ಕಟ್ಟುಬಿದ್ದಿಲ್ಲ ಎಂಬುದು ಅದರ ಸಾರ. ಆದರೆ ಅದು ಯಂತ್ರಗಳ ಬಗೆಗಿನ ಮಾತು. ಬದುಕಿ ಬಂದು ಜಗಲಿಯ ಮೇಲೆ ಕುಳಿತವರ ಜೀವಕ್ಕೆ ಬೆಲೆ ಇದೆಯೇ ಎಂಬುದು ಎರಡನೇ ಪ್ರಶ್ನೆ. ಅದನ್ನು ಕೇಳುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಲಾಜರನ ಪ್ರಸಂಗವನ್ನು ಮತ್ತೆ ಓದಿದೆವು. ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಅವನು ಸಮಾಧಿಯಿಂದ ಬರುತ್ತಾನೆ, 12ರಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಅವನನ್ನು ನೋಡಲು ಜನ ಗುಂಪುಗೂಡುತ್ತಾರೆ. ಅವನು ಆಡಿದ ಒಂದು ಮಾತನ್ನೂ ಶುಭಸಂದೇಶ ದಾಖಲಿಸಿಲ್ಲ. ನಮ್ಮಂಥ ಯುವಕರು ಅಲ್ಲಿದ್ದಿದ್ದರೆ ಮೈಕ್ ಕೊಟ್ಟಿರುತ್ತಿದ್ದೆವು. ಯೇಸುಸ್ವಾಮಿ ಅವನಿಂದ ಸಾಕ್ಷ್ಯ ಕೇಳಲಿಲ್ಲ. ಸುತ್ತ ನಿಂತವರಿಗೆ ಅವನ ಕಟ್ಟು ಬಿಚ್ಚಲು ಹೇಳಿದರು. ಯಾಯೀರನ ಮಗಳನ್ನು ಎಬ್ಬಿಸಿದ ಮೇಲೂ ಮೊದಲು ಹೇಳಿದ್ದು ಮಗುವಿಗೆ ತಿನ್ನಲು ಏನಾದರೂ ಕೊಡಿ ಎಂದು. ಜೀವ ಮರಳಿಸುವುದು ಅವರ ಕೆಲಸವಾಗಿತ್ತು. ಬಟ್ಟೆ ಬಿಚ್ಚುವುದು, ಗಂಜಿ ಕೊಡುವುದು ಅಕ್ಕಪಕ್ಕದವರ ಪಾಲಿಗೆ ಬಂತು.

ಇನ್ನು ನಮ್ಮ ಗಡಿನಾಡಿನದೇ ಆದ ಒಂದು ಕಷ್ಟ. ಪಡಿತರ ಚೀಟಿ, ವಿಮಾ ಕಾರ್ಡು ತಮಿಳುನಾಡಿನವು. ಆದ್ದರಿಂದ ಮುಂದಿನ ತಪಾಸಣೆ ಘಾಟಿ ಇಳಿದು ಕೊಯಮತ್ತೂರಿನಲ್ಲೇ. ಅಲ್ಲಿ ಕೊನೆಗೂ ನೆನಪಿನ ಪರೀಕ್ಷೆ ಮಾಡಿದರು, ತಮಿಳಿನಲ್ಲಿ. ಐದು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಮರಳಿ ಹೇಳಬೇಕು. ಮೇಷ್ಟ್ರಿಗೆ ತಮಿಳು ಬರುತ್ತದೆ, ಬಸ್ಸಿನಲ್ಲಿ, ಸಂತೆಯಲ್ಲಿ, ಧರ್ಮಕ್ಷೇತ್ರದ ಸಭೆಗಳಲ್ಲಿ ಆಡುತ್ತಾರೆ. ಆದರೆ ಅವರು ಎಣಿಸುವುದು, ಪ್ರಾರ್ಥಿಸುವುದು, ಕನವರಿಸುವುದು ಕನ್ನಡದಲ್ಲಿ. ಅಂಕ ತೀರ ಕಡಿಮೆ ಬಂತು. ಅದರಲ್ಲಿ ಮಿದುಳಿನ ಪೆಟ್ಟು ಎಷ್ಟು, ಭಾಷೆಯ ಪೆಟ್ಟು ಎಷ್ಟು? ಪರೀಕ್ಷೆ ಮಾಡಿದವರು ಒಳ್ಳೆಯವರು, ಅವರಿಗೆ ಕನ್ನಡ ಬಾರದು ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಇಂಥ ಪರೀಕ್ಷೆಗಳ ಒಂದು ಗುಚ್ಛವನ್ನು ಕನ್ನಡದಲ್ಲೂ ಸಿದ್ಧಪಡಿಸಿದ್ದಾರೆ. ಆದ್ದರಿಂದ ಇಂಥ ತಪಾಸಣೆಗೆ ಹೋಗುವ ನಮ್ಮವರು, ಪರೀಕ್ಷೆ ಕನ್ನಡದಲ್ಲಿ ಆಗಲಿ ಎಂದು ಬಾಯಿಬಿಟ್ಟು ಕೇಳಬೇಕು. ಬಲಿಪೂಜೆ ಯಾವ ಭಾಷೆಯಲ್ಲಿ ಎಂದು ಎಷ್ಟೋ ವರ್ಷ ವಾದಿಸಿದ ನಾವು ಇದನ್ನು ಕೇಳಲು ನಾಚಬೇಕಿಲ್ಲ.

ಅವರಲ್ಲಿ ಉಳಿದಿರುವುದು ಏನು ಎಂದು ಕೇಳುವವರಿಗೆ: ಬಹಳ ಉಳಿದಿದೆ. ಬೆಳಗ್ಗೆ ತಿಂದದ್ದು ಮರೆಯುತ್ತದೆ, ಆದರೆ ಪ್ರಾರ್ಥನಾಮಾಲೆ ಒಂದು ಹೆಸರೂ ತಪ್ಪದೆ ಬರುತ್ತದೆ. ಬಾಯಿಪಾಠವಾದದ್ದು, ಹಾಡಿ ಹಾಡಿ ಕೈಗೆ ನಾಲಗೆಗೆ ಇಳಿದದ್ದು ಮಿದುಳಿನ ಬೇರೆ ದಾರಿಗಳಲ್ಲಿ ಇರುತ್ತದಂತೆ. ಸ್ವಂತ ಮಾತಿನ ಪ್ರಾರ್ಥನೆಯಲ್ಲಿ ನಡುವೆ ದಾರಿ ತಪ್ಪುವ ಅವರು ಜಪಸರದಲ್ಲಿ ತಪ್ಪುವುದಿಲ್ಲ. ಎಲ್ಲಿದ್ದೇನೆ ಎಂಬುದನ್ನು ಬೆರಳಿನ ಕೆಳಗಿನ ಮಣಿ ಹೇಳುತ್ತದೆ. ಲೆಕ್ಕವನ್ನು ತಲೆಯಲ್ಲಿ ಇಡದೆ ಮಣಿಗೆ ಒಪ್ಪಿಸಿದ ನಮ್ಮ ಹಿರಿಯರಿಗೆ ಮನುಷ್ಯರ ಮರೆವಿನ ಬಗ್ಗೆ ಒಳ್ಳೆಯ ಅಂದಾಜಿತ್ತು.

ಈಗ ನಾವು ಮಾಡುತ್ತಿರುವುದು ಸಣ್ಣ ಕೆಲಸ. ಪ್ರತಿ ಗುರುವಾರ ಸಂಜೆ ಇಬ್ಬರು ಅವರ ಮನೆಗೆ ಹೋಗುತ್ತೇವೆ. "ನಾನ್ಯಾರು ಹೇಳಿ ನೋಡೋಣ?" ಎಂದು ಕೇಳುವುದನ್ನು ಬಿಟ್ಟಿದ್ದೇವೆ; ಹೋದ ಕೂಡಲೇ ನಾವೇ ಹೆಸರು, ಯಾರ ಮನೆಯವರು ಎಂದು ಹೇಳುತ್ತೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತೇವೆ. ಅರ್ಧ ಗಂಟೆಯಲ್ಲಿ ಅವರಿಗೆ ಸುಸ್ತಾಗುತ್ತದೆ, ಆಗ ಟಿವಿ ಹಾಕದೆ ಸುಮ್ಮನೆ ಕುಳಿತಿರುತ್ತೇವೆ. ಗೋಡೆಗೆ ಒಂದು ಕಪ್ಪು ಹಲಗೆ ತಗಲಿಸಿದ್ದೇವೆ: ಇವತ್ತು ಯಾವ ವಾರ, ಮಾತ್ರೆ ಆಯಿತೇ, ಯಾರು ಬಂದಿದ್ದರು.

ಹೋದ ಗುರುವಾರ ಅಮ್ಮನವರು ಎಂಟು ತಿಂಗಳಲ್ಲಿ ಮೊದಲ ಸಲ ಮಹಿಳಾ ಸಂಘದ ಸಭೆಗೆ ಹೋದರು. ಮೇಷ್ಟ್ರು ಹತ್ತು ನಿಮಿಷಕ್ಕೊಮ್ಮೆ, "ಇವಳು ಎಲ್ಲಿ?" ಎಂದು ಕೇಳುತ್ತಿದ್ದರು. ನಾವು ಹಲಗೆಯ ಮೇಲೆ, ಸಭೆಗೆ ಹೋಗಿದ್ದಾರೆ, 6 ಗಂಟೆಗೆ ಬರುತ್ತಾರೆ ಎಂದು ಬರೆದೆವು. ಅವರು ಅದನ್ನು ಓದಿದರು, ಗಡಿಯಾರ ನೋಡಿದರು, ಕುಳಿತರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡು, ನಾವು ಅವಸರದಲ್ಲಿ ಬಿಟ್ಟಿದ್ದ ಒಂದು ಒತ್ತಕ್ಷರವನ್ನು ಸರಿಪಡಿಸಿ ಬಂದರು. ಅಮ್ಮನವರು ಬಂದಾಗ ಆರೂ ಕಾಲು.

ಬರುವ ತಿಂಗಳ ಪಾಳಿಗೆ ಇನ್ನೂ ನಾಲ್ವರು ಬೇಕು. ಭಾನುವಾರದ ಎರಡನೇ ಪೂಜೆಯ ನಂತರ ಗಂಟೆಗೋಪುರದ ಕೆಳಗೆ ನಾವು ಸಿಗುತ್ತೇವೆ.